ಹನುಕ್ಕಾ: ದಿನಕ್ಕೊಂದು ದೀಪ ಜಾಸ್ತಿ

ಮೊದಲು ಒಂದು ಸಣ್ಣ ಲೆಕ್ಕ. ಎಂಟು ರಾತ್ರಿ ದೀಪ ಹಚ್ಚಬೇಕು. ಮೊದಲ ರಾತ್ರಿ ಒಂದು, ಎರಡನೇ ರಾತ್ರಿ ಎರಡು, ಹೀಗೆ ಕೊನೆಗೆ ಎಂಟು. ಒಟ್ಟು 36. ಇವುಗಳ ಬೆಳಕನ್ನು ಓದೋಕೆ, ಕೆಲಸಕ್ಕೆ ಬಳಸೋ ಹಾಗಿಲ್ಲ. ಅದಕ್ಕೇ ಪ್ರತಿ ರಾತ್ರಿ ಇನ್ನೊಂದು ದೀಪ. ಅದರ ಹೆಸರು ‘ಶಮಾಶ್’, ಅಂದ್ರೆ ಸೇವಕ. ಉಳಿದವನ್ನು ಹಚ್ಚೋದೂ ಅದರಿಂದಲೇ. ಅದೂ ಸೇರಿದರೆ 44. ಯಹೂದಿಗಳ ಚಳಿಗಾಲದ ಹಬ್ಬ ಹನುಕ್ಕಾದ ಲೆಕ್ಕ ಇದು.

ಹಬ್ಬದ ಹಿಂದೆ ಒಂದು ಯುದ್ಧದ ಕಥೆ ಇದೆ. ಜೆರುಸಲೇಂ ಆಗ ಗ್ರೀಕ್ ಮೂಲದ ಸೆಲ್ಯೂಸಿಡ್ ರಾಜರ ಕೈಲಿತ್ತು. ನಾಲ್ಕನೇ ಆಂಟಿಯೋಕಸ್ ಯಹೂದಿಗಳ ಧರ್ಮಾಚರಣೆಯನ್ನೇ ನಿಷೇಧಿಸಿ, ಅವರ ದೇವಾಲಯದಲ್ಲಿ ಗ್ರೀಕ್ ದೇವರ ಪೂಜೆ ಶುರುಮಾಡಿಸಿದ. ಮಕ್ಕಬೀ ಮನೆತನದವರು ದಂಗೆ ಎದ್ದು, ಕ್ರಿ.ಪೂ. 164ರ ಹೊತ್ತಿಗೆ ದೇವಾಲಯವನ್ನು ವಾಪಸ್ ಪಡೆದು ಶುದ್ಧಿ ಮಾಡಿದರು. ‘ಹನುಕ್ಕಾ’ ಅಂದ್ರೆ ಸಮರ್ಪಣೆ. ಒಂದೇ ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತು ಅನ್ನೋ ಪವಾಡ ಆಮೇಲೆ ತಾಲ್ಮುದ್‌ನಲ್ಲಿ ಬರುತ್ತೆ; ಹಳೆಯ ಮಕ್ಕಬೀ ಗ್ರಂಥಗಳಲ್ಲಿ ಅದಿಲ್ಲ. ಎಣ್ಣೆಯ ನೆನಪಿಗೆ ಆಲೂಗಡ್ಡೆಯ ‘ಲಾಟ್ಕೆ’, ಜಾಮ್ ತುಂಬಿದ ‘ಸುಫ್ಗಾನಿಯಾ’ ಕರಿದು ತಿಂತಾರೆ.

ಹಬ್ಬ ಕಿಸ್ಲೇವ್ ತಿಂಗಳ 25ಕ್ಕೆ ಶುರು. ನಮ್ಮ ಪಂಚಾಂಗದ ಹಾಗೆ ಅವರಲ್ಲೂ ಅಧಿಕ ಮಾಸ ಉಂಟು. ಹಾಗಾಗಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯ ತನಕ ಹಿಂದೆ ಮುಂದೆ ಆಗ್ತಿರುತ್ತೆ.

ಈಗ ಲೆಕ್ಕಕ್ಕೆ ವಾಪಸ್ ಬರೋಣ. ಶಮ್ಮೈ ಪಂಥದವರು, ಎಂಟರಿಂದ ಶುರುಮಾಡಿ ದಿನಕ್ಕೊಂದು ಕಡಿಮೆ ಮಾಡಿ ಅಂದಿದ್ದರು. ಹಿಲ್ಲೆಲ್ ಪಂಥದವರದು ಉಲ್ಟಾ: ಒಂದರಿಂದ ಏರಿಸುತ್ತಾ ಹೋಗಿ. ಎರಡರಲ್ಲೂ ಮೊತ್ತ 36ೇ. ಆದರೂ ಹಿಲ್ಲೆಲ್ ಪಂಥದ ಮಾತೇ ನಿಂತಿತು. ಅವರ ಕಾರಣ ಸರಳ: ಪವಿತ್ರವಾದ ವಿಷಯದಲ್ಲಿ ಏರಬೇಕು, ಇಳಿಯಬಾರದು.

ದೀಪವನ್ನು ಬೀದಿಗೆ ಕಾಣೋ ಹಾಗೆ ಬಾಗಿಲಲ್ಲೋ ಕಿಟಕಿಯಲ್ಲೋ ಇಡಬೇಕು. ಅಪಾಯದ ಕಾಲದಲ್ಲಿ ಮಾತ್ರ ಒಳಗೆ ಮೇಜಿನ ಮೇಲೆ ಇಟ್ಟರೂ ಸಾಕು ಅಂತ ತಾಲ್ಮುದ್ ಹೇಳುತ್ತೆ. 1930ರ ದಶಕದ ಆರಂಭದಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ರಾಖೆಲ್ ಪೋಸ್ನರ್ ತೆಗೆದ ಫೋಟೋ ಒಂದಿದೆ. ಅವರ ಮನೆ ಕಿಟಕಿಯಲ್ಲಿ ಹನುಕ್ಕಾದ ದೀಪಕಂಬ, ಎದುರಿನ ಕಟ್ಟಡದ ಮೇಲೆ ನಾಜಿ ಬಾವುಟ. 1933ರಲ್ಲಿ ಆ ಕುಟುಂಬ ಜರ್ಮನಿ ಬಿಟ್ಟು ಹೋಯಿತು. ದೀಪಕಂಬವನ್ನೂ ಜೊತೆಗೇ ಒಯ್ದರು. ಅದು ಇವತ್ತಿಗೂ ಇದೆ.