ರೂಟರಿನ ‘ವೆಚ್ಚ’ವೂ ಲೈನಿನ ಬಾಡಿಗೆಯೂ

ಕಚೇರಿ ಹಾಗೂ ಕಾರ್ಖಾನೆಗಳನ್ನು ಎರಡು ಲೀಸ್ಡ್ ಲೈನ್‌ಗಳಿಂದ ಜೋಡಿಸಿರುವ ಸಂಸ್ಥೆಗಳಲ್ಲಿ ದತ್ತಾಂಶದ ಮಾರ್ಗವನ್ನು ರೂಟರ್‌ಗಳು ಅನೇಕ ವೇಳೆ ಓ.ಎಸ್.ಪಿ.ಎಫ್. ನಿಯಮಾವಳಿಯಂತೆ ನಿರ್ಧರಿಸುತ್ತವೆ. ಪ್ರತಿಯೊಂದು ರೂಟರೂ ತನ್ನ ಲೈನ್‌ಗಳ ಸ್ಥಿತಿಯನ್ನು ಉಳಿದವುಗಳಿಗೆ ತಿಳಿಸುತ್ತದೆ. ಒಟ್ಟು ‘ವೆಚ್ಚ’ ಕನಿಷ್ಠವಾಗಿರುವ ಮಾರ್ಗವು ಆಯ್ಕೆಯಾಗುತ್ತದೆ.

ಈ ವೆಚ್ಚವು ರೂಪಾಯಿಗಳ ಲೆಕ್ಕವಲ್ಲ. ಸಿಸ್ಕೋ ಐ.ಓ.ಎಸ್. ರೂಟರ್‌ಗಳಲ್ಲಿ, ಬದಲಾಯಿಸದ ಹೊರತು, 100 ಎಂ.ಬಿ.ಪಿ.ಎಸ್. ಅನ್ನು ಪೋರ್ಟಿನ ವೇಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ವೆಚ್ಚ. ಅದು 1ಕ್ಕಿಂತ ಕಡಿಮೆಯಾಗದು. ಇಲ್ಲಿ ಗಮನಿಸಬೇಕಾದುದೆಂದರೆ, ರೂಟರು ಪರಿಗಣಿಸುವುದು ಪೋರ್ಟಿನ ವೇಗವನ್ನೇ ಹೊರತು ಬಿಲ್ಲಿನಲ್ಲಿ ನಮೂದಾದ ವೇಗವನ್ನಲ್ಲ. ಗಿಗಾಬಿಟ್ ಪೋರ್ಟ್‌ಗಳಿಗೆ ಜೋಡಿಸಿದ 100 ಎಂ.ಬಿ.ಪಿ.ಎಸ್.ನ ಮುಖ್ಯ ಲೈನಿಗೂ 10 ಎಂ.ಬಿ.ಪಿ.ಎಸ್.ನ ಬದಲಿ ಲೈನಿಗೂ ವೆಚ್ಚ 1 ಎಂದೇ ಆಗಿ, ಸಂಚಾರವು ಎರಡಕ್ಕೂ ಹಂಚಿಹೋಗುತ್ತದೆ. ತೆತ್ತ ಬಾಡಿಗೆಗೆ ತಕ್ಕ ಫಲ ದೊರೆಯದು.

ಪರಿಹಾರ ಸರಳ. ಎರಡೂ ತುದಿಯ ರೂಟರ್‌ಗಳಲ್ಲಿ ಮುಖ್ಯ ಲೈನಿಗೆ 10, ಬದಲಿ ಲೈನಿಗೆ 100 ಎಂಬಂತೆ ವೆಚ್ಚವನ್ನು ನಮೂದಿಸಿದರೆ, ಮುಖ್ಯ ಲೈನ್ ಕಡಿದಾಗ ಮಾತ್ರ ಬದಲಿಯು ಬಳಕೆಗೆ ಬರುತ್ತದೆ. ‘ಹಲೋ’ ಮತ್ತು ‘ಡೆಡ್’ ಅವಧಿಗಳು, ಸಾಮಾನ್ಯವಾಗಿ 10 ಮತ್ತು 40 ಸೆಕೆಂಡುಗಳು, ಎರಡೂ ಕಡೆ ಒಂದೇ ಆಗಿರಬೇಕು. ಇಲ್ಲವಾದರೆ ರೂಟರ್‌ಗಳ ನಡುವೆ ಸಂಪರ್ಕವೇ ಏರ್ಪಡದು. ಗುತ್ತಿಗೆದಾರರ ಅಂತಿಮ ಬಿಲ್ಲನ್ನು ಪಾವತಿಸುವ ಮುನ್ನ ಈ ಅಂಕಿಗಳನ್ನು ಲಿಖಿತವಾಗಿ ಪಡೆದು ಕಡತದಲ್ಲಿರಿಸುವುದು ಕ್ಷೇಮ.