ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವಿಡಿಯೊ ಯಾಕೆ ತಡವರಿಸುತ್ತದೆ?

ಪ್ರಶ್ನೆ: ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆಫೀಸಿನ ವಿಂಡೋಸ್ ಕಂಪ್ಯೂಟರ್ ಬಳಸುತ್ತೇನೆ. ಎಕ್ಸೆಲ್ ಸಲೀಸು. ಯೂಟ್ಯೂಬ್ ಹಾಕಿದರೆ ಮಾತ್ರ ಚಿತ್ರ ಮುಗ್ಗರಿಸುತ್ತದೆ. ನೆಟ್ ಚೆನ್ನಾಗಿಯೇ ಇದೆಯಲ್ಲ?

ಉತ್ತರ: ಇರಬಹುದು. ಆದರೆ ಆ ವಿಡಿಯೊ ನಿಮ್ಮ ಮನೆಗೆ ನೇರವಾಗಿ ಬರುತ್ತಿಲ್ಲ. ಆಫೀಸಿನ ಕಂಪ್ಯೂಟರ್ ಅದನ್ನು ಬಿಡಿಸಿ ತನ್ನ ಪರದೆಯ ಮೇಲೆ ಮೂಡಿಸುತ್ತದೆ. ಆ ಪರದೆಯನ್ನು ರಿಮೋಟ್ ಡೆಸ್ಕ್‌ಟಾಪ್ ಮತ್ತೊಮ್ಮೆ ಕುಗ್ಗಿಸಿ ನಿಮಗೆ ಕಳಿಸುತ್ತದೆ. ಎಕ್ಸೆಲ್‌ನಲ್ಲಿ ಒಂದು ಅಂಕಿ ಬದಲಾದರೆ ಅಷ್ಟು ಜಾಗದ ಚಿತ್ರ ಬಂದರೆ ಸಾಕು. ವಿಡಿಯೊದಲ್ಲಿ ಸೆಕೆಂಡಿಗೆ 25–30 ಸಲ ಇಡೀ ಚಿತ್ರವೇ ಬದಲಾಗುತ್ತದೆ. ಹಾಗಾಗಿ ಫುಲ್ ಸ್ಕ್ರೀನ್ ಬಿಟ್ಟು ವಿಡಿಯೊದ ಕಿಟಕಿ ಚಿಕ್ಕದು ಮಾಡಿದರೇ ಅರ್ಧ ಕಾಟ ತಪ್ಪೀತು.

ಆಮೇಲೆ ಪರದೆಯ ಮೇಲ್ತುದಿಯ ನೀಲಿ ಪಟ್ಟಿಯಲ್ಲಿರುವ ಸಿಗ್ನಲ್ ಚಿಹ್ನೆ ಒತ್ತಿ ನೋಡಿ. ಯುಡಿಪಿ ಎಂಬ ಸಾಗಣೆ ವಿಧಾನ ಚಾಲೂ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಫೈರ್‌ವಾಲ್ ಅದನ್ನು ತಡೆದಿದ್ದರೆ ಎಲ್ಲವೂ ಟಿಸಿಪಿ ಎಂಬ ಇನ್ನೊಂದು ವಿಧಾನದಲ್ಲೇ ಸಾಗಬೇಕು. ಅಲ್ಲಿ ಕಳೆದುಹೋದ ಒಂದು ತುಣುಕು ಮತ್ತೆ ಬರುವವರೆಗೂ ಅದರ ಹಿಂದೆ ಬರುವವು ಕಾಯುತ್ತವೆ. 3389ನೇ ಪೋರ್ಟ್‌ನಲ್ಲಿ ಯುಡಿಪಿಗೂ ದಾರಿ ಬಿಡುವಂತೆ ಐಟಿ ವಿಭಾಗವನ್ನು ಕೇಳಿ. (ಸಿನಿಮಾ ನೋಡಲಿಕ್ಕೆ ಎಂದು ಹೇಳಬೇಡಿ!)

ಇನ್ನು ನೆಟ್‌ಫ್ಲಿಕ್ಸ್‌ನಂಥ ಕಡೆ ಪರದೆ ಬರೀ ಕಪ್ಪಾದರೆ ಅದು ದೋಷವಲ್ಲ, ನಕಲು ತಡೆಯಲು ಬೇಕೆಂದೇ ಹಾಕಿದ ಬೇಲಿ. ಅದರ ಜೊತೆ ಗುದ್ದಾಡಬೇಡಿ. ಸಾಧ್ಯವಿದ್ದಲ್ಲೆಲ್ಲ ಲಿಂಕನ್ನು ನಕಲಿಸಿ ಮನೆಯ ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ತೆರೆಯಿರಿ.