ಆದೇಶ ಸರ್ಕಾರದ್ದು, ಬೀಗ ಕಂಪನಿಯದ್ದು

ರಾಜಾಜಿನಗರದ ಮನೆಯಲ್ಲಿ ಕುಳಿತು 'ಎಕ್ಸ್' ಜಾಲತಾಣ ತೆರೆದವರಿಗೆ ಒಮ್ಮೊಮ್ಮೆ ಬರಹದ ಬದಲು 'ಈ ಖಾತೆಯನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ' ಎಂಬ ಸೂಚನೆಯಷ್ಟೇ ಕಾಣುತ್ತದೆ. ತಡೆಯಲು ಸರ್ಕಾರ ಹೇಳಿದರೂ ಬಾಗಿಲು ಮುಚ್ಚುವುದು ಅಮೆರಿಕದ ಕಂಪನಿ. ಹಾಗಾದರೆ ಓದುಗನ ಹಕ್ಕು ಯಾರ ಕೈಯಲ್ಲಿದೆ?

ಈ ಪ್ರಶ್ನೆ ಮೊದಲು ತೀವ್ರವಾಗಿ ಎದ್ದದ್ದು ಚೀನಾದಲ್ಲಿ. ಅಲ್ಲಿನ ಪತ್ರಕರ್ತ ಶಿ ತಾವೊ 2004ರಲ್ಲಿ ಸರ್ಕಾರಿ ಸೂಚನೆಯೊಂದರ ವಿವರವನ್ನು ಇ-ಮೇಲ್ ಮೂಲಕ ಹೊರದೇಶಕ್ಕೆ ಕಳುಹಿಸಿದರು. ಯಾಹೂ ಒದಗಿಸಿದ ಮಾಹಿತಿ ಅವರ ವಿರುದ್ಧ ಸಾಕ್ಷ್ಯವಾಯಿತು. 2005ರಲ್ಲಿ ಅವರಿಗೆ 10 ವರ್ಷ ಜೈಲು ಶಿಕ್ಷೆಯಾಯಿತು. ಸ್ಥಳೀಯ ಕಾನೂನು ಪಾಲಿಸಿದೆವೆಂಬುದು ಕಂಪನಿಯ ಸಮರ್ಥನೆ. ಇದಕ್ಕೆ ವ್ಯತಿರಿಕ್ತವಾಗಿ ಗೂಗಲ್, 2010ರಲ್ಲಿ ಚೀನಾದೊಳಗಿನ ತನ್ನ ಹುಡುಕಾಟ ಸೇವೆಯನ್ನು ನಿಲ್ಲಿಸಿತು.

ಭಾರತ ಚೀನಾದಂತಲ್ಲ, ಇಲ್ಲಿ ಸರ್ಕಾರದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗೆ ಬರಹ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಈ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಇಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ (ಇಂದಿನ ಎಕ್ಸ್) 2022ರಲ್ಲಿ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾ ಮಾಡಿ, ಕಂಪನಿಗೆ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಕಂಪನಿ ಮೇಲ್ಮನವಿ ಸಲ್ಲಿಸಿತು. ಮುಂದೆ ಬರಹ ತೆಗೆಸಲು ಸೂಚನೆ ಕಳುಹಿಸುವ 'ಸಹಯೋಗ್' ಪೋರ್ಟಲ್ ವಿರುದ್ಧವೂ ಅದು ಅದೇ ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿಯನ್ನೂ ತಿರಸ್ಕರಿಸಿದರು. ವಾಕ್ ಸ್ವಾತಂತ್ರ್ಯ ನೀಡುವ ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆ ಮಾತ್ರ, ವಿದೇಶಿ ಕಂಪನಿ ಅದರ ಆಶ್ರಯ ಪಡೆಯಲಾಗದು ಎಂಬುದು ಎರಡೂ ತೀರ್ಪುಗಳ ನಿಲುವು.

ಹಾಗಾದರೆ ಪ್ರಜೆಯೇ ನ್ಯಾಯಾಲಯಕ್ಕೆ ಹೋಗಬಹುದಲ್ಲವೇ? ಹೋಗಬಹುದು. ಆದರೆ 69ಎ ಕಲಮಿಗೆ ಸಂಬಂಧಿಸಿದ 2009ರ ನಿಯಮಗಳು ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿಡಬೇಕೆನ್ನುತ್ತವೆ. ನೋಟಿಸನ್ನು ಬರೆದವರಿಗೆ 'ಅಥವಾ' ಕಂಪನಿಗೆ ಕೊಡಬಹುದು. ಕಂಪನಿಗೆ ಮಾತ್ರ ತಲುಪಿದರೆ, ಬರೆದವನಿಗೆ ತನ್ನ ಮಾತು ಏಕೆ ಮರೆಯಾಯಿತೆಂಬುದೇ ತಿಳಿಯದಿರಬಹುದು. ಕಾರಣ ತಿಳಿಯದೆ ವಾದ ಹೂಡುವುದು ಕಷ್ಟ.

ಪರದೇಶದ ಕಂಪನಿ ಲಾಭ ನೋಡಿ ಒಮ್ಮೆ ತಲೆಬಾಗುತ್ತದೆ, ಒಮ್ಮೆ ಸೆಣಸುತ್ತದೆ. ಅದರ ಮರ್ಜಿಯನ್ನು ನಂಬಿ ಪ್ರಜೆಯ ಹಕ್ಕು ಉಳಿಯದು. ತಡೆಯುವುದು ಅನಿವಾರ್ಯವಾದಾಗಲೂ ಬರೆದವನಿಗೆ ಕಾರಣ ತಿಳಿಸಿದರೆ, ಹಕ್ಕು ಅದರ ಒಡೆಯನ ಕೈಯಲ್ಲೇ ಇರುತ್ತದೆ.